ಒಲೆ ಕಾಣುವ ಹಾಗೆ

ಬೆಂಗಳೂರು, ಜನವರಿ 4, 2025, ಶನಿವಾರ

ತಮ್ಮ ಕೆಲಸ ಮಾಡುವ ಇಂದಿರಾನಗರದ ಮೆಕ್ಸಿಕನ್ ಹೋಟೆಲಿಗೆ ಸಂಜೆ ಹೋಗಿದ್ದೆ. ಹಳೆಯ ಮನೆಯೊಂದನ್ನೇ ಹೋಟೆಲ್ ಮಾಡಿದ್ದಾರೆ. ಒಂದು ಬದಿಗೆ ಬಾರ್, ಇನ್ನೊಂದು ಬದಿಗೆ ಅಡುಗೆಮನೆ, ನಡುವೆ ಗೋಡೆಯಿಲ್ಲ. ಬರುವವರು ಹೆಚ್ಚಾಗಿ ಅಕ್ಕಪಕ್ಕದ ರಸ್ತೆಯವರೇ. ಅಡುಗೆಯವರನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಇದು ನನಗೆ ಬಹಳ ಹಿಡಿಸಿತು.

ಆದರೆ ಹೊತ್ತು ಕಳೆದದ್ದೆಲ್ಲ ಟೋರ್ಟಿಯಾ ಮಾಡುವುದನ್ನು ನೋಡುತ್ತ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟು, ಬೆಳಿಗ್ಗೆ ತೊಳೆದು ಸಿಪ್ಪೆ ಕಳೆದು, ಹಸಿಯಾಗಿಯೇ ರುಬ್ಬುತ್ತಾರೆ. “ಸುಣ್ಣ ಹಾಕಲಿಲ್ಲಂದ್ರ ಹಿಟ್ಟು ಕೂಡಂಗಿಲ್ಲಕ್ಕ, ಬಿರೀತೈತಿ” ಅಂದ ತಮ್ಮ. ಗೋಧಿಯಲ್ಲಿರುವ ಅಂಟು ಗೋವಿನಜೋಳದಲ್ಲೂ ಇಲ್ಲ, ನಮ್ಮ ಬಿಳಿಜೋಳದಲ್ಲೂ ಇಲ್ಲ. ನಾವು ಕುದಿಯುವ ಎಸರು ಹೊಯ್ದು ಜಿಗಿ ಬರಿಸಿಕೊಳ್ಳುತ್ತೇವೆ, ಮೆಕ್ಸಿಕೋದವರು ಸುಣ್ಣದಿಂದ ಬರಿಸಿಕೊಂಡರು. ಅದೂ ಸಾವಿರಾರು ವರ್ಷಗಳ ಹಿಂದೆ.

ಇಲ್ಲಿ ಉಂಡೆಯನ್ನು ಒತ್ತುಮಣೆಯಲ್ಲಿಟ್ಟು ಒತ್ತುತ್ತಾರೆ, ಬಡಿಯುವುದಿಲ್ಲ. ಕಾದ ಹಂಚಿನ ಮೇಲೆ ಅದು ಉಬ್ಬಿದಾಗ ನಮ್ಮದೇ ರೊಟ್ಟಿಯ ವಾಸನೆ.

ಜನವರಿ 5, ಭಾನುವಾರ

ಮಧ್ಯಾಹ್ನ ಬಾರ್ ಖಾಲಿಯಿತ್ತು. ಮಾರ್ಗರೀಟಾ ಹೇಗೆ ಮಾಡುತ್ತಾರೆಂದು ತಮ್ಮ ತೋರಿಸಿದ: ಟೆಕೀಲಾ, ಕಿತ್ತಳೆಯ ಮದ್ಯ, ನಿಂಬೆರಸ, ಗ್ಲಾಸಿನ ಅಂಚಿಗೆ ಉಪ್ಪು. ನಾನು ಕುಡಿಯುವವಳಲ್ಲ. ನನಗೆ ಬರೀ ನಿಂಬೆರಸ ಕೊಟ್ಟು, ಅಂಚಿಗೆ ಉಪ್ಪು, ಖಾರಪುಡಿ ಹಚ್ಚಿದ. ಬಹಳ ಚೆನ್ನಾಗಿತ್ತು. ಮೆಣಸಿನಕಾಯಿಯೂ ಮೆಕ್ಸಿಕೋ ನಾಡಿನದೇ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಈ ಕಡೆಗೆ ಬಂದದ್ದು.

ಟೆಕೀಲಾ ಬರುವುದು ನೀಲಿ ಕತ್ತಾಳೆಯ ಗಡ್ಡೆಯಿಂದ. ಎಲೆಗಳನ್ನೆಲ್ಲ ಸವರಿ, ಗಡ್ಡೆಯನ್ನು ಬೇಯಿಸಿ, ರಸ ಹಿಂಡಿ ಹುಳಿಬರಿಸುತ್ತಾರೆ. ಗಿಡ ಬಲಿಯಲು ಏಳೆಂಟು ವರ್ಷ ಬೇಕಂತೆ. ಹಲಿಸ್ಕೊ ಮತ್ತು ಮೆಕ್ಸಿಕೋದ ಇನ್ನು ಕೆಲವು ರಾಜ್ಯಗಳಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಡೆಸ್ಮಂಡ್ ನಜರೆತ್ ಎಂಬವರು ದಖ್ಖನಿನ ಕತ್ತಾಳೆಯಿಂದಲೇ ಅಂಥ ಮದ್ಯ ತೆಗೆದಿದ್ದಾರೆ. ನಮ್ಮಲ್ಲಿ ಹೊಲದ ಬದುವಿಗೆ ಹಚ್ಚಿ, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದ ಜಾತಿಯ ಗಿಡ!

ಕುಳಗೇರಿ ಕ್ರಾಸ್, ಜನವರಿ 8

ನಮ್ಮ ಖಾನಾವಳಿಗೆ ಮರಳಿದೆ. ಹುಬ್ಬಳ್ಳಿ–ವಿಜಯಪುರ ರಸ್ತೆಯ ಲಾರಿಗಳ ಸದ್ದು ಮತ್ತೆ ಶುರು. ಬಾದಾಮಿಗೆ ಹೊರಳುವ ಪ್ರವಾಸಿಗಳೂ ಈಗ ಬಹಳ. ಮಲಪ್ರಭೆಯ ಕಾಲುವೆ ನೀರು ಹರಿಯುವ ಕಡೆಯೆಲ್ಲ ಗೋವಿನಜೋಳ ಬೆಳೆಯುತ್ತಾರೆ. ಅದರಲ್ಲಿ ಹೆಚ್ಚಿನದು ಕೋಳಿ ಆಹಾರಕ್ಕೋ ಸ್ಟಾರ್ಚ್ ಕಾರ್ಖಾನೆಗೋ ಹೋಗುತ್ತದೆ.

ಧಾರವಾಡದಲ್ಲಿ ಗೃಹವಿಜ್ಞಾನ ಓದಿದಾಗಿನ ನೋಟ್‌ಬುಕ್ಕು ಹುಡುಕಿದೆ. ಗೋವಿನಜೋಳ ಯುರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಜೊತೆಗೆ ಹೋಗಲಿಲ್ಲ. ಅದನ್ನೇ ಉಂಡು ಬದುಕಿದ ಇಟಲಿಯ ಬಡವರಿಗೆ ಪೆಲಾಗ್ರ ಬಂತು. ಚರ್ಮ ಸುಟ್ಟು, ಭೇದಿ ಹತ್ತಿ, ಕೊನೆಗೆ ಬುದ್ಧಿಭ್ರಮೆ. ಕಾಳಿನೊಳಗಿನ ನಿಯಾಸಿನ್ ಮೈಗೆ ಹತ್ತಬೇಕಾದರೆ ಸುಣ್ಣ ಬೇಕಿತ್ತು. ಜೋಳವನ್ನೇ ನೆಚ್ಚಿದ ದಖ್ಖನಿನ ಬಡವರಲ್ಲೂ ಈ ರೋಗ ಕಂಡವರು ಹೈದರಾಬಾದಿನ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು. ಜೋಳದಲ್ಲಿ ಲ್ಯೂಸಿನ್ ಹೆಚ್ಚಿರುವುದೇ ಕಾರಣವೆಂದು 1960ರಲ್ಲಿ ಬರೆದರು. ಶೇಂಗಾದಲ್ಲಿ ನಿಯಾಸಿನ್ ಹೇರಳ. ರೊಟ್ಟಿಯ ಮಗ್ಗುಲಿಗೆ ಅವ್ವ ಒಂದು ದಿನವೂ ತಪ್ಪದೆ ಹಾಕುವ ಶೇಂಗಾ ಹಿಂಡಿಯನ್ನು ಇವತ್ತು ಬೇರೆಯದೇ ಗೌರವದಿಂದ ನೋಡಿದೆ.

ಜನವರಿ 13, ಬನದ ಹುಣ್ಣಿಮೆ

ಬನಶಂಕರಿ ಜಾತ್ರೆ. ತೇರು, ನಾಟಕ ಕಂಪನಿಗಳು, ಕಾಲಿಡಲು ಜಾಗವಿಲ್ಲ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಕೈಯಿಂದ ಉಂಡೆವು: ಖಡಕ್ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಕೆನೆಮೊಸರು. ಇಂಥ ತೆಳುವಾದ ರೊಟ್ಟಿ ಬಡಿಯಲು ಹತ್ತಾರು ವರ್ಷದ ಕೈ ಬೇಕು. ಮೆಕ್ಸಿಕೋದ ಅಡುಗೆಯನ್ನು ಯುನೆಸ್ಕೊ 2010ರಲ್ಲೇ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಲ, ಸುಣ್ಣದ ಬೇಯಿಸುವಿಕೆ, ಬೀಸುವ ಕಲ್ಲು, ಅಡುಗೆಯ ಹೆಂಗಸರು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದೇ. ಈ ಬುಟ್ಟಿಯ ಹೆಂಗಸರ ಕಸುಬೂ ಅಷ್ಟೇ ದೊಡ್ಡದು. ಇದರಲ್ಲಿ ನನಗೆ ಸ್ವಲ್ಪವೂ ಅನುಮಾನವಿಲ್ಲ.

ಜನವರಿ 16

ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಇಬ್ಬರೂ ಹಿತ್ತಲ ತಗಡಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ ಕೂರುತ್ತಾರೆ. ಉಂಡವರು ರೊಟ್ಟಿ ಹೊಗಳಿದರೆ ಆ ಮಾತು ಅವರ ಕಿವಿಗೆ ಮುಟ್ಟುವುದಿಲ್ಲ. ಒಲೆಯನ್ನು ಮುಂದಿನ ಪಡಸಾಲೆಗೆ ತರೋಣವೆಂದೆ.

“ಹೊಗಿ ಮಂದಿ ಕಣ್ಣಾಗ ಹೊಕ್ಕೈತಿ, ಗಿರಾಕಿ ಕುಂದ್ರತಾರೇನ?” ಅಂದಳು ಅವ್ವ.

“ಮ್ಯಾಲ ಹೊಗೆಗೂಡು ಕಟ್ಟಸೋಣು ಬೇ.”

ರೊಟ್ಟಿಯವರನ್ನು ಕೇಳಿದೆ. ಒಬ್ಬಾಕೆಗೆ ನಾಚಿಕೆ, ಮಂದಿ ಮುಂದೆ ಕೂರಲು ಮನಸ್ಸು ಬರಲಿಲ್ಲ. ಇನ್ನೊಬ್ಬಾಕೆ ಮಾತ್ರ ಕೂಡಲೇ, ಫ್ಯಾನು ಹಾಕಿಸಿದರೆ ಬರುತ್ತೇನೆ, ಪಗಾರವೂ ಹೆಚ್ಚು ಮಾಡಬೇಕು ಎಂದಳು. ಎರಡಕ್ಕೂ ಒಪ್ಪಿದೆ. ಸೋಮವಾರ ಗೌಂಡಿ ಬರುತ್ತಾನೆ.