ಗುಡ್ಡೆಯ ಸೊಪ್ಪು ಹಟ್ಟಿಗಿಳಿಯುತ್ತಿದ್ದ ಕಾಲ

ನಾನು ಬೆಳೆದ ಬೆಳ್ತಂಗಡಿ ಕಡೆಯಲ್ಲೂ, ನೆಂಟರಿದ್ದ ಬಂಟ್ವಾಳ, ಮೂಡುಬಿದಿರೆಯಲ್ಲೂ ಗದ್ದೆಯ ಫಲ ಗುಡ್ಡೆಯಿಂದಲೇ ಬರುತ್ತಿತ್ತು. ಕದೀಮ್ ವರ್ಗದ, ಅಂದರೆ ಹಳೆಯ ಹಿಡುವಳಿ ಜಮೀನಿನ, ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗ ಕುಮ್ಕಿ. ಅಲ್ಲಿ ಸೊಪ್ಪು ಸವರುವ, ದನ ಮೇಯಿಸುವ ಸವಲತ್ತು ಕೃಷಿಕನದು. ಕೇಪಳ, ಕುಂಟಾಲ, ನೆಕ್ಕರೆಯ ಹೊರೆ ಹಟ್ಟಿಗೆ ಬಂದು ದನದ ಕಾಲಡಿ ಹಾಸಾಗುತ್ತಿತ್ತು. ಗಂಜಲದ ಸಾರಜನಕ ಪೋಲಾಗದಂತೆ ಹೀರಿಕೊಳ್ಳುತ್ತಿದ್ದುದು ಆ ಸೊಪ್ಪೇ. ಮಳೆಗಾಲದ ಕೊನೆಗೆ ಹಟ್ಟಿಯ ನೆಲ ಮೊಣಕಾಲೆತ್ತರ ಏರಿರುತ್ತಿತ್ತು. ಅಷ್ಟನ್ನೂ ಹೆಂಗಸರು ಬುಟ್ಟಿಯಲ್ಲಿ ಗದ್ದೆಗೆ ಹೊತ್ತು ಹಾಕಬೇಕಿತ್ತು. ಅವರ ಕುತ್ತಿಗೆ ನೋವು ಕಂಡ ನಾನು ಆ ಕಾಲವೇ ಚೆಂದ ಎನ್ನಲಾರೆ.

ಸುಗ್ಗಿ ಕೊಯ್ದ ಗದ್ದೆಯ ಪಸೆಯಲ್ಲಿ ಉದ್ದು, ಹೆಸರು, ಅಲಸಂಡೆ ಬಿತ್ತುತ್ತಿದ್ದರು. ಗಾಳಿಯ ಸಾರಜನಕವನ್ನು ಬೇರಿನ ಗಂಟಿಗೆ ತರುವ ಬೆಳೆಗಳಿವು. ಕಾಳು ಮನೆಗೆ, ಬಳ್ಳಿ ದನಕ್ಕೆ, ಬೇರು ಮಣ್ಣಿಗೆ.

1976ರಲ್ಲಿ ಪಣಂಬೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ನೂರಕ್ಕೆ 46 ಪಾಲು ಸಾರಜನಕವಿರುವ ಯೂರಿಯಾ ಚೀಲ ಅಂಗಳಕ್ಕೇ ಬಂತು, ಸೊಪ್ಪಿನ ಹೊರೆ ನಿಂತಿತು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದವರು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕದ ಜೊತೆ 12 ಕಿಲೋ ಹಸಿರೆಲೆ, 12 ಕಿಲೋ ಹಟ್ಟಿಗೊಬ್ಬರ ಎಂದಿದ್ದರು. ಊರವರ ಬಾಯಲ್ಲಿ ಮೊದಲನೆಯದು ಮಾತ್ರ ಉಳಿಯಿತು. ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಆಟಿ ತಿಂಗಳ ಮಳೆಯಲ್ಲಿ ಎರಚಿದ ಯೂರಿಯಾದ ಬಹುಪಾಲು ತೋಡು ಸೇರುತ್ತದೆ.

ಆಮೇಲೆ ಗುಡ್ಡೆಗೆ ರಬ್ಬರ್ ಏರಿತು. ಸಾಲುಗಳ ನಡುವೆ ನೆಲ ಮುಚ್ಚಲು ಮೊದಲು ಪ್ಯೂರೇರಿಯಾ, ಮತ್ತೆ ಮುಕುನ ಬಳ್ಳಿ. ಸಾರಜನಕ ಕೂಡಿಸುವುದರಲ್ಲಿ, ಮುರಕಲ್ಲು ಗುಡ್ಡೆಯ ತೆಳು ಮಣ್ಣನ್ನು ಕಾಯುವುದರಲ್ಲಿ ಮುಕುನ ಗಟ್ಟಿಗ. ಆದರೆ ದನ ಅದಕ್ಕೆ ಬಾಯಿ ಹಾಕದು. ತೋಟದವರಿಗೆ ಈ ಬಳ್ಳಿ ಹಿಡಿಸಲು ಅದೂ ಒಂದು ಕಾರಣ. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು, ಮೇವು ಮಾತ್ರ ಇಲ್ಲ. ಊರ ದನಗಳು ಹೋದವು.

ಈಗ ಜೆರ್ಸಿ, ಎಚ್‌ಎಫ್ ಹಸುಗಳು ಸಿಮೆಂಟ್ ನೆಲದಲ್ಲಿ ನೇಪಿಯರ್ ಹುಲ್ಲು ತಿನ್ನುತ್ತವೆ. ಸೆಗಣಿ, ಗಂಜಲ, ತೊಳೆದ ನೀರು ಸ್ಲರಿಯಾಗಿ ಪಂಪಿನಲ್ಲಿ ತೋಟಕ್ಕೆ ಹೋಗುತ್ತದೆ. ಈ ಬದಲಾವಣೆ ನನಗೆ ಮನಸಾರೆ ಒಪ್ಪಿಗೆ: ತಲೆಹೊರೆ ತಪ್ಪಿತು, ಗಂಜಲವೂ ದಕ್ಕಿತು. ಕೊರತೆಯಿರುವುದು ಎಲೆಗೆ. ಮಣ್ಣನ್ನು ಮೆದುವಾಗಿಟ್ಟದ್ದು ಕೊಳೆತ ಸೊಪ್ಪು, ಸ್ಲರಿಯಲ್ಲಿ ಅದಿಲ್ಲ.

ಅದಕ್ಕೇ ಬೇಲಿಯುದ್ದಕ್ಕೂ ಗೊಬ್ಬರಗಿಡದ ಗೆಲ್ಲು ಊರಿದ್ದೇವೆ, ಗ್ಲಿರಿಸೀಡಿಯ. ಮಳೆಗೆ ಮೊದಲೊಮ್ಮೆ, ನವರಾತ್ರಿ ಕಳೆದು ಇನ್ನೊಮ್ಮೆ ಸವರಿ ಅಡಿಕೆ ಬುಡಕ್ಕೆ ಹಾಸುತ್ತೇವೆ. ಮರಕ್ಕೆ 12 ಕಿಲೋ ಆಗಲು ಬೇಲಿಯೊಂದೇ ಸಾಲದು. ಈ ಸಲ ತೋಡಿನ ಬದಿಗೂ ನೆಡುತ್ತಿದ್ದೇವೆ.