ಯಾರ ತಾಲೂಕು ಗಟ್ಟಿ?

ನಮ್ಮ ಕಡೆ ಇಬ್ಬರು ಸೇರಿದರೆ ಮಳೆ ಬೆಳೆಯ ಮಾತು, ಮೂವರು ಸೇರಿದರೆ ರಾಜಕೀಯ. ನಾಲ್ವರು ಸೇರಿ, ಆ ನಾಲ್ವರೂ ನಾಲ್ಕು ತಾಲೂಕಿನವರಾಗಿಬಿಟ್ಟರೆ, ಯಾರ ತಾಲೂಕು ಗಟ್ಟಿ ಎನ್ನುವ ಪ್ರಶ್ನೆ ಏಳದೆ ಕಾಫಿ ಲೋಟ ಖಾಲಿಯಾಗುವುದಿಲ್ಲ.

ರಾಮನಗರದವರದು ಸಿದ್ಧ ಲೆಕ್ಕ. ಕೆಂಗಲ್ ಹನುಮಂತಯ್ಯ, ದೇವೇಗೌಡ, ಕುಮಾರಸ್ವಾಮಿ: ಮುಖ್ಯಮಂತ್ರಿಗಳೇ ಮೂವರು. ‘2018ರಲ್ಲಿ ಕುಮಾರಸ್ವಾಮಿ ಎರಡು ಕಡೆ ಗೆದ್ದು ಯಾವುದನ್ನ ಇಟ್ಕೊಂಡ್ರು, ಯಾವುದನ್ನ ಬಿಟ್ರು, ಅದನ್ನೂ ಹೇಳಿ ಸ್ವಾಮಿ’ ಎಂದು ಚನ್ನಪಟ್ಟಣದವರು ತಡೆಯುತ್ತಾರೆ. ಕನಕಪುರದವರು 1983ರ ಉಪಚುನಾವಣೆಯನ್ನು ತೆಗೆದು ರಾಮಕೃಷ್ಣ ಹೆಗಡೆಯವರನ್ನು ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ. ಹೆಗಡೆಯವರು ಉತ್ತರ ಕನ್ನಡದವರು ಎನ್ನುವುದು ಅವರಿಗೆ ಒಂದು ವಿಷಯವೇ ಅಲ್ಲ. ಮಾಗಡಿಯವರು ಎಲ್ಲ ಮುಗಿಯಲಿ ಎಂದು ಕಾದು, ‘ಅವರೆಲ್ಲ ಕೂತು ಆಳಿದ ಊರನ್ನ ಕಟ್ಟಿದ್ದು ಯಾರಪ್ಪಾ?’ ಎಂದು ಕೆಂಪೇಗೌಡರನ್ನು ಮುಂದಿಡುತ್ತಾರೆ. ಯಲಹಂಕದವರೊಬ್ಬರು ಪಕ್ಕದ ಮೇಜಿನಲ್ಲಿ ಇಲ್ಲದಿರುವ ದಿನ ಆ ಮಾತು ಗೆಲ್ಲುತ್ತದೆ.

ಇದು ನಮ್ಮೂರಿನ ಕಾಯಿಲೆ ಎಂದುಕೊಂಡಿದ್ದೆ. ಕನಕಪುರದ ಗೆಳೆಯರ ಅಳಿಯ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದಾನೆ. ರಜೆಗೆ ಬಂದವನು ನಮ್ಮ ಜಗಳ ಕೇಳಿ, ‘ಮಾವ, ಅಲ್ಲೂ ಇದೇ. ಮಾರ್ಚ್ ತಿಂಗಳು ಬಂದರೆ ಆಫೀಸಿನಲ್ಲಿ ಕೆಲಸವೇ ಸಾಗಲ್ಲ’ ಎಂದ. ಅಲ್ಲಿ ಕಾಲೇಜುಗಳ ಬಾಸ್ಕೆಟ್‌ಬಾಲ್ ಎಂದರೆ ಹಬ್ಬ. ಕಾಲೇಜುಗಳು ಗುಂಪು ಕಟ್ಟಿಕೊಂಡು ಆಡುತ್ತವೆ, ಗುಂಪಿಗೆ ಕಾನ್ಫರೆನ್ಸ್ ಎಂದು ಹೆಸರು. ಕೊನೆಗೆ ದೇಶದ 68 ತಂಡಗಳಿಗೆ ದೊಡ್ಡ ಪಂದ್ಯಾವಳಿಗೆ ಕರೆ ಬರುತ್ತದೆ. ಯಾವ ಗುಂಪಿಗೆ ಎಷ್ಟು ಕರೆ ಎನ್ನುವುದೇ ಮರ್ಯಾದೆಯ ಪ್ರಶ್ನೆ. 2025ರಲ್ಲಿ ಎಸ್‌ಇಸಿ ಎಂಬ ಗುಂಪಿನ 16 ಕಾಲೇಜುಗಳಲ್ಲಿ 14ಕ್ಕೆ ಕರೆ ಬಂತು. ಅಲ್ಲಿವರೆಗೆ ಯಾವ ಗುಂಪೂ ಅಷ್ಟು ಕಂಡಿರಲಿಲ್ಲ. ಅಳಿಯನ ಊರಿನ ಎಸಿಸಿಯಲ್ಲಿ ಕಾಲೇಜುಗಳು 18, ಕರೆ ಬಂದದ್ದು ನಾಲ್ಕಕ್ಕೆ. ಆದರೂ ಅವನ ಮೀಸೆ ಮಣ್ಣಾಗಿರಲಿಲ್ಲ. ಆ ನಾಲ್ಕರಲ್ಲಿ ಒಂದಾದ ಡ್ಯೂಕ್ ಸೆಮಿಫೈನಲ್ ಮುಟ್ಟಿತ್ತಲ್ಲ, ಅಷ್ಟು ಸಾಕಂತೆ.

ಹೆಸರುಗಳ ಕಥೆ ಕೇಳಿದರೆ ಇನ್ನೂ ಚೆನ್ನ. ಎಸಿಸಿ ಎಂದರೆ ಅಟ್ಲಾಂಟಿಕ್ ಕರಾವಳಿಯ ಗುಂಪು. 2024ರಿಂದ ಅದರೊಳಗೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಇವೆ. ಅವೆರಡೂ ಇರುವುದು ಪೆಸಿಫಿಕ್ ಕಡೆ. ಹೆಸರಿನಲ್ಲೇ ಹತ್ತು ಎನ್ನುವ ಬಿಗ್ ಟೆನ್ ಎಂಬ ಇನ್ನೊಂದು ಗುಂಪಿನಲ್ಲಿ ಈಗ 18 ತಂಡ. ನಗುವ ಹಕ್ಕು ಮಾತ್ರ ನಮಗಿಲ್ಲ. 2007ರವರೆಗೆ ನಾವು ಬೆಂಗಳೂರು ಗ್ರಾಮಾಂತರ, ಆಮೇಲೆ ರಾಮನಗರ ಜಿಲ್ಲೆ, 2025ರ ಮೇ ತಿಂಗಳ ಸಂಪುಟ ತೀರ್ಮಾನದಿಂದ ಬೆಂಗಳೂರು ದಕ್ಷಿಣ. ಬೆಂಗಳೂರಿನ ಪಶ್ಚಿಮಕ್ಕಿರುವ ಮಾಗಡಿಯೂ ದಕ್ಷಿಣವೇ. ನಮ್ಮ ಮಾಗಡಿ ಮಿತ್ರರು ಬೆಳಗ್ಗೆ ಎದ್ದು ಸೂರ್ಯನನ್ನು ಯಾವ ಕಡೆ ಹುಡುಕುತ್ತಾರೋ!

ನಮ್ಮ ಜೊತೆ ಕೂರುವ ಪಿ.ಟಿ. ಮೇಷ್ಟ್ರೊಬ್ಬರಿದ್ದಾರೆ, ಕಾಲೇಜಿನಿಂದ ನಿವೃತ್ತರು. ಕಬಡ್ಡಿ, ವಾಲಿಬಾಲ್‌ಗೆ ಹುಡುಗರು ತಾವಾಗಿ ಬಂದರು, ಬಾಸ್ಕೆಟ್‌ಬಾಲ್‌ಗೆ ಮಾತ್ರ ಉದ್ದ ಇದ್ದವರನ್ನು ಹಿಡಿದು ತರಬೇಕಾಯಿತು ಎನ್ನುವುದು ಅವರ ಹಳೆಯ ಕೊರಗು. ಅಳಿಯನ ಮಾತಿಗೆ ಅವರೊಬ್ಬರೇ ತಲೆದೂಗಲಿಲ್ಲ. ‘ಅಲ್ಲ ಕಣಪ್ಪ, ತಾಲೂಕಿನೊಳಗೇ ಆಡಿದ ಆಟದಲ್ಲಿ ಎಷ್ಟು ಗೆಲುವೋ ಅಷ್ಟೇ ಸೋಲು. ಒಬ್ಬ ಗೆದ್ದರೆ ಇನ್ನೊಬ್ಬ ಸೋತಿರಲೇಬೇಕು. ಅದನ್ನು ಕೂಡಿ ಕಳೆದು ತಾಲೂಕಿನ ಬಲ ಹೇಗೆ ಹೇಳ್ತೀಯ? ಹೊರಗೆ ಹೋದಾಗ ಏನಾಯ್ತು, ಅದನ್ನ ಹೇಳು.’

ಎಷ್ಟು ಸರಳವಾದ ಮಾತು! ಅಮೆರಿಕದ ಲೆಕ್ಕಿಗರು ಹೇಳುವುದೂ ಇದನ್ನೇ. ಅಲ್ಲಿ ನವೆಂಬರ್, ಡಿಸೆಂಬರಿನಲ್ಲಿ ಕಾಲೇಜುಗಳು ಹೆಚ್ಚಾಗಿ ಬೇರೆ ಗುಂಪಿನವರ ಜೊತೆ ಆಡುತ್ತವೆ. ಗುಂಪಿನ ಬಲ ಬಹುಮಟ್ಟಿಗೆ ಆಗಲೇ ತೀರ್ಮಾನವಾಗುತ್ತದೆ. 2024ರ ಡಿಸೆಂಬರಿನಲ್ಲಿ ಎಸ್‌ಇಸಿ ಮತ್ತು ಎಸಿಸಿ ನಡುವಿನ ಸವಾಲು ಸರಣಿಯಲ್ಲಿ 16 ಪಂದ್ಯ ನಡೆದು, ಎಸ್‌ಇಸಿ 14 ಗೆದ್ದಿತ್ತು. ಮೂರು ತಿಂಗಳ ನಂತರ ಬಂದ ಕರೆಗಳ ಬೀಜ ಅಲ್ಲಿತ್ತು. ಜನವರಿಯಿಂದ ಮನೆಯೊಳಗಿನ ಪಂದ್ಯಗಳು: ಬಲವಾದ ಗುಂಪಿನಲ್ಲಿ ಸೋತರೂ ಹೆಚ್ಚು ನಷ್ಟವಿಲ್ಲ, ಸೋಲಿಸಿದವನೂ ದೊಡ್ಡವನೇ ಎಂದು ತಂಡಗಳ ಶ್ರೇಯಾಂಕ ಲೆಕ್ಕಹಾಕುವ ಗಣಕಯಂತ್ರ ಸಮಾಧಾನ ಹೇಳುತ್ತದೆ. 2018ರವರೆಗೆ ಬಳಕೆಯಲ್ಲಿದ್ದ ಹಳೆಯ ಸೂತ್ರದಲ್ಲಂತೂ ತಂಡದ ಸ್ವಂತ ಗೆಲುವಿಗೆ ಕಾಲು ಪಾಲು ಬೆಲೆ, ಎದುರಾಳಿಗಳ ಗೆಲುವಿಗೆ ಅರ್ಧ, ಎದುರಾಳಿಗಳ ಎದುರಾಳಿಗಳಿಗೆ ಉಳಿದ ಕಾಲು. ಪರೀಕ್ಷೆಯಲ್ಲಿ ಹೀಗೆ ಅಂಕ ಕೊಟ್ಟಿದ್ದರೆ ನಾನೂ ರ‍್ಯಾಂಕ್ ಬರುತ್ತಿದ್ದೆ, ಎಂಥ ಬುದ್ಧಿವಂತರ ಪಕ್ಕ ಕೂತಿದ್ದೆ!

ನನಗೆ ಹಿಡಿಸುವ ಅಳತೆ ಬೇರೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಅನುಭವಸ್ಥ ರೀಲರ್ ಮೇಲೆ ಹೊಳೆಯುವ ಗೂಡು ನೋಡಿ ಬೆಲೆ ಕಟ್ಟುವುದಿಲ್ಲ. ಲಾಟಿನೊಳಗೆ ಕೈಹಾಕಿ ಅಡಿಯದನ್ನು ಮೇಲೆ ತರುತ್ತಾನೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾದೀತು ಎಂಬ ರೆಂಡಿಟ್ಟದ ಅಂದಾಜು ಅವನಿಗೆ ಸಿಗುವುದು ಅಲ್ಲಿಂದ. ಗುಂಪಿನ ಬಲವೂ ಡ್ಯೂಕ್‌ನಂಥವರಲ್ಲಿಲ್ಲ. ಯಾರೂ ಹೆಸರೆತ್ತದ ಎಂಟನೆಯ, ಒಂಬತ್ತನೆಯ ತಂಡ ಹೊರಗಿನವರ ಮೈದಾನಕ್ಕೆ ಹೋಗಿ ಏನು ಮಾಡಿ ಬರುತ್ತದೆ ಎನ್ನುವುದರಲ್ಲಿದೆ. ಮುಖ್ಯಮಂತ್ರಿಗಳ ಪಟ್ಟಿ ಹಿಡಿದು ತಾಲೂಕು ತೂಗುವವರಿಗೆ ಇದನ್ನು ಹೇಳಿ ನೋಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ವಿಶ್ವವಿದ್ಯಾಲಯಗಳ ಆಟದಲ್ಲಿ ಯಾವ ಗುಂಪು ಗಟ್ಟಿ ಎನ್ನುವ ತಕರಾರಿಗೆ ಜಾಗ ಕಡಿಮೆ. ದೇಶವನ್ನು ದಕ್ಷಿಣ, ಉತ್ತರ, ಪೂರ್ವ, ಪಶ್ಚಿಮ ಎಂದು ನಾಲ್ಕು ವಲಯ ಮಾಡಿ, ವಲಯಗಳಲ್ಲಿ ಮುಂದೆ ಬಂದವರು ಅಖಿಲ ಭಾರತ ಮಟ್ಟದಲ್ಲಿ ಸೇರುತ್ತಾರೆ. ಆದರೂ ದಕ್ಷಿಣ ವಲಯದಲ್ಲಿ ಚೆನ್ನೈ ಕಡೆಯ, ಕೇರಳದ ತಂಡಗಳನ್ನು ದಾಟಿ ಬರುವುದು ಹುಡುಗಾಟವಲ್ಲ. ಇಲ್ಲಿ ಸ್ವಲ್ಪದರಲ್ಲಿ ತಪ್ಪಿಸಿಕೊಂಡ ತಂಡ ಇನ್ನೊಂದು ವಲಯದಲ್ಲಿದ್ದರೆ ಗೆದ್ದು ಬರುತ್ತಿತ್ತು ಎಂದು ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ. ಎಲ್ಲ ಸೋತ ತಂಡಗಳ ಮೇಷ್ಟ್ರುಗಳೂ ಹಾಗೇ ಹೇಳುತ್ತಾರೆ ಅನ್ನಿ. ಅದರ ಮೇಲೆ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಒಂದೇ ಜರ್ಸಿ ತೊಡಬಹುದಾಗಿದ್ದ ರಾಮನಗರದ ಹುಡುಗನೂ ಕೋಲಾರದ ಹುಡುಗನೂ ಎದುರು ಬದುರಾದರು. ಆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಹಳೆಯ ಕಪ್‌ಗಳಲ್ಲಿ ಕೋಲಾರದ ಪಾಲೆಷ್ಟು ಎಂದು ಯಾರಾದರೂ ಕೇಳಿದ್ದಾರೋ?

ಅಮೆರಿಕದಲ್ಲಿ ಕೇಳುತ್ತಾರೆ. 2000ದಲ್ಲಿ ಮಿಶಿಗನ್ ಸ್ಟೇಟ್ ಗೆದ್ದ ಮೇಲೆ 2025ರವರೆಗೆ ಬಿಗ್ ಟೆನ್ ಗುಂಪಿನಲ್ಲಿದ್ದುಕೊಂಡು ಯಾರೂ ಆ ದೊಡ್ಡ ಪಟ್ಟ ಗೆಲ್ಲಲಿಲ್ಲ. 2002ರಲ್ಲಿ ಗೆದ್ದ ಮೇರಿಲ್ಯಾಂಡ್ ಈಗ ಅಲ್ಲೇ ಇದೆ, ಆದರೆ ಗೆದ್ದಾಗ ಎಸಿಸಿಯಲ್ಲಿತ್ತು. ಒಟ್ಟು 11 ಪಟ್ಟಗಳ ಒಡೆಯ ಯುಸಿಎಲ್‌ಎ 2024ರಲ್ಲಿ ಬಂದು ಸೇರಿತು. ಆ ಹನ್ನೊಂದನ್ನು ಈಗ ಯಾರ ಖಾತೆಗೆ ಬರೆಯುವುದು?

ಅಳಿಯ ಇದನ್ನು ಹೇಳುತ್ತಿದ್ದಂತೆ ಚನ್ನಪಟ್ಟಣದವರ ಮುಖ ಅರಳಿತು. ಹಾರೋಹಳ್ಳಿ ಈಗ ಬೇರೆ ತಾಲೂಕು, ಮೊದಲು ಕನಕಪುರದಲ್ಲಿತ್ತು. ‘ಹಂಗಾದ್ರೆ ಹಾರೋಹಳ್ಳಿ ಹುಡುಗರು ಹಿಂದೆ ಗೆದ್ದಿದ್ದೆಲ್ಲ ಈಗ ಯಾರದು ಅಣ್ಣ?’ ಎಂದು ಅಳಿಯನ ಮಾವನನ್ನೇ ಕೇಳಿದರು.

‘ಹಿಂದಿನ ಗೆಲುವು ನಮ್ದು’ ಎಂದರು ಅವರು, ಲೋಟ ಕೆಳಗಿಡದೆ. ‘ಸೋತಿದ್ದು ಇದ್ರೆ ಜೊತೇಲೇ ತಗೊಂಡು ಹೋಗಲಿ.’