ಮೀನಿನ ಚಿಲ್ಲಾ

ಹಾನಗಲ್ಲಿನ ನಮ್ಮ ಮನೆಯಲ್ಲಿ ಎರಡು ಮೀನಿನ ಟ್ಯಾಂಕುಗಳಿವೆ. ಒಂದು ಪಡಸಾಲೆಯಲ್ಲಿದೆ. ಅದರಲ್ಲಿ ಗಿಡ, ಕಲ್ಲು, ಉಸುಕು, ಬಣ್ಣದ ದೀಪ ಎಲ್ಲವೂ ಉಂಟು. ಬಂದವರು ಅದರ ಮುಂದೆ ನಿಂತು ಮಾಷಾ ಅಲ್ಲಾಹ್ ಎನ್ನುತ್ತಾರೆ. ಇನ್ನೊಂದು ಹಿಂದಿನ ಕೋಣೆಯಲ್ಲಿ, ಅಕ್ಕಿ ಚೀಲಗಳ ಪಕ್ಕದಲ್ಲಿದೆ. ಅದರೊಳಗೆ ಉಸುಕಿಲ್ಲ, ಗಿಡವಿಲ್ಲ. ನಲ್ಲಿ ಕೆಲಸದವರು ಬಿಟ್ಟುಹೋದ ನಾಲ್ಕು ಪ್ಲಾಸ್ಟಿಕ್ ಪೈಪಿನ ತುಂಡುಗಳು, ಗುಳುಗುಳು ಎನ್ನುವ ಒಂದು ಸ್ಪಂಜಿನ ಫಿಲ್ಟರು, ಒಂದು ಹೀಟರು, ಒಂದು ಥರ್ಮಾಮೀಟರು. ಅದನ್ನು ನಾವು ಯಾರಿಗೂ ತೋರಿಸುವುದಿಲ್ಲ. ಆದರೆ ಈ ಲೇಖನ ಆ ಟ್ಯಾಂಕಿನದೇ.

ಮೀನಿನ ಹುಚ್ಚು ನಮಗೆ ಅಬ್ಬಾನಿಂದ ಬಂದದ್ದು. ಅವರು ಉರ್ದು ಶಾಲೆಯ ಮಾಸ್ತರರಾಗಿ ಹಿರೇಕೆರೂರು ತಾಲ್ಲೂಕಿನಲ್ಲಿ ಬಹಳ ವರ್ಷ ಇದ್ದರು. ರಜೆಯ ದಿನ ನಮ್ಮನ್ನು ಹಳ್ಳಕ್ಕೆ ಕರೆದೊಯ್ದು, ತಿಳಿನೀರಿನಲ್ಲಿ ಕೈಯಾಡಿಸಿ, ಉಸುಕಿನೊಳಗೆ ಹುಗಿದುಕೊಂಡ ಬೆರಳುದ್ದದ ಮೀನನ್ನು ತೋರಿಸುತ್ತಿದ್ದರು. ಬಾಯಿಯ ಸುತ್ತ ಸಣ್ಣ ಮೀಸೆ, ಹಾವಿನಂತೆ ಬಳುಕುವ ಮೈ. ಅದು ಲೋಚ್ ಜಾತಿಯ ಮೀನು ಎಂದು ತಿಳಿದದ್ದು ನಾವು ದೊಡ್ಡವರಾದ ಮೇಲೆ. ನಿವೃತ್ತರಾದ ಬಳಿಕ ಅಬ್ಬಾ ಪಡಸಾಲೆಯಲ್ಲಿ ಟ್ಯಾಂಕು ಇಟ್ಟರು, ಒಂದು ಕ್ಲೌನ್ ಲೋಚ್ ಸಾಕಿದರು. ಕಿತ್ತಳೆ ಮೈಯ ಮೇಲೆ ಮೂರು ಕಪ್ಪು ಪಟ್ಟೆಗಳ ಆ ಮೀನಿನ ತವರು ಇಂಡೋನೇಷ್ಯಾದ ಸುಮಾತ್ರ, ಬೋರ್ನಿಯೋ. ಅಂಗಡಿಯಲ್ಲಿ ಎರಡು ಇಂಚು ಇರುವಂಥದ್ದು ಬೆಳೆದರೆ ಒಂದು ಅಡಿಯವರೆಗೂ ಆಗುತ್ತದೆ. ಇಪ್ಪತ್ತು ವರ್ಷ ಬದುಕುವುದೂ ಉಂಟು. ಅಬ್ಬಾ ಫಜ್ರ್ ನಮಾಜು ಮುಗಿಸಿ ಬಂದು ಗಾಜಿಗೆ ಬೆರಳು ತಾಗಿಸಿದರೆ ಅದು ಕಲ್ಲಿನ ಸಂದಿಯಿಂದ ಹೊರಬರುತ್ತಿತ್ತು.

2022ರಲ್ಲಿ ಅಬ್ಬಾ ತೀರಿಕೊಂಡರು. ಮೀನು ಉಳಿಯಿತು. ಒಂಟಿಯಾಗಿ ಕಲ್ಲಿನ ಸಂದಿಯಲ್ಲೇ ಇರುವ ಅದನ್ನು ನೋಡಲಾಗದೆ, ಜೊತೆಗಿರಲಿ ಎಂದು ನಾವು ಪೇಟೆಯಿಂದ ಹತ್ತಾರು ಮೀನು ತಂದೆವು. ಚೀಲ ಬಿಚ್ಚಿ, ಅಂಗಡಿಯ ನೀರಿನ ಸಮೇತ ಸುರಿದುಬಿಟ್ಟೆವು. ಐದನೆಯ ದಿನ ಹೊಸ ಮೀನುಗಳ ರೆಕ್ಕೆಯ ಮೇಲೆ ರವೆ ಉದುರಿದ ಹಾಗೆ ಬಿಳಿ ಚುಕ್ಕೆಗಳು. ಎಂಟನೆಯ ದಿನ ಅಬ್ಬಾನ ಲೋಚಿನ ಮೈತುಂಬ. ಹೆದರಿ ಔಷಧವನ್ನು ಶೀಷೆಯ ಮೇಲೆ ಬರೆದಷ್ಟೂ ಹಾಕಿದೆವು. ಹನ್ನೊಂದನೆಯ ದಿನ ಬೆಳಿಗ್ಗೆ ಅದು ಅಡ್ಡ ಬಿದ್ದಿತ್ತು. ಲೋಚ್ ಅಡ್ಡ ಮಲಗಿ ನಿದ್ದೆ ಮಾಡುವುದುಂಟು, ಹಾಗೇ ಇರಬಹುದು ಎಂದು ಗಾಜಿಗೆ ಬೆರಳು ತಾಗಿಸಿದೆವು. ಹೊರಬರಲಿಲ್ಲ.

ರೋಗವೇನೆಂದು ತಿಳಿದುಕೊಂಡದ್ದು ಆಮೇಲೆ. ಆ ಬಿಳಿ ಚುಕ್ಕೆ ಒಂದು ಪರಾವಲಂಬಿ ಜೀವಿ. ಮೀನಿನ ಚರ್ಮದೊಳಗೆ ಕುಳಿತು ಬೆಳೆಯುತ್ತದೆ, ಬಲಿತು ತಳಕ್ಕೆ ಉದುರುತ್ತದೆ, ಅಲ್ಲಿ ಒಡೆದು ನೂರಾರು ಮರಿಗಳಾಗಿ ಈಜುತ್ತದೆ. ಒಂದೆರಡು ದಿನದೊಳಗೆ ಆ ಮರಿಗಳಿಗೆ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧ ತಾಗುವುದು ಈ ಈಜುವ ಹೊತ್ತಿನಲ್ಲಿ ಮಾತ್ರ, ಚರ್ಮದೊಳಗೆ ಇರುವಾಗ ಅಲ್ಲ. ಲೋಚಿನ ಹುರುಪೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಆದ್ದರಿಂದ ಈ ರೋಗ ಅದಕ್ಕೆ ಬೇಗ ಅಂಟುತ್ತದೆ, ಔಷಧವೂ ಬೇಗ ಸುಡುತ್ತದೆ. ಮಲಾಕೈಟ್ ಗ್ರೀನ್, ಫಾರ್ಮಲಿನ್ ಇರುವ ಔಷಧವನ್ನು ಅದಕ್ಕೆ ಅರ್ಧ ಪ್ರಮಾಣದಲ್ಲಿ ಹಾಕಬೇಕು. ನಾವು ಮೊದಲು ರೋಗ ತಂದೆವು, ಆಮೇಲೆ ಔಷಧದಿಂದಲೂ ಸುಟ್ಟೆವು.

ಹೀಗಾಗಿ ಹಿಂದಿನ ಕೋಣೆಯ ಟ್ಯಾಂಕು ಬಂತು.

ಕಳೆದ ಚಳಿಗಾಲದಲ್ಲಿ ಶಿಗ್ಗಾಂವಿಯ ನಮ್ಮ ಆಪಾನ ಮಗ ಹುಬ್ಬಳ್ಳಿಯಿಂದ ಫೋನು ಮಾಡಿದ. "ಮಾಮೂ, ಇಲ್ಲೊಂದು ಅಂಗಡ್ಯಾಗ ಟೈಗರ್ ಲೋಚ್ ಅಂತ ಬಂದಾವ. ಆರು ಅದಾವ. ತರ್ಲೇನು?" ನಾವು ಬೇಡವೆನ್ನಬೇಕೆಂದು ಬಾಯಿ ತೆರೆದು ಹೂಂ ಎಂದುಬಿಟ್ಟೆವು. ಶಿಗ್ಗಾಂವಿಯಲ್ಲಿ ಆಪಾನ ಮನೆಗೆ ಹೋಗಿ, ಪತ್ರಿಕೆಯಲ್ಲಿ ಸುತ್ತಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆವು.

ಮೀನನ್ನು ಸಾಕುವ ಮೊದಲು ಅದು ಯಾವುದೆಂದು ಗುರುತಿಸಬೇಕು. ಅಂಗಡಿಯವನಿಟ್ಟ ಹೆಸರನ್ನು ನಂಬುವಂತಿಲ್ಲ, ಪಟ್ಟೆ ಇದ್ದದ್ದೆಲ್ಲ ಅವನಿಗೆ ಟೈಗರ್. ಜಾತಿ ತಪ್ಪಿದರೆ ಟ್ಯಾಂಕಿನ ಅಳತೆ ತಪ್ಪುತ್ತದೆ, ಜೊತೆಗಾರರು ತಪ್ಪುತ್ತಾರೆ. ಚೀಲವನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಭೂತಗನ್ನಡಿ ಹಿಡಿದು ಕುಳಿತೆವು. ಮೂರು ಅಗಲ ಪಟ್ಟೆ ಇಲ್ಲ, ಹಾಗಾಗಿ ಕ್ಲೌನ್ ಅಲ್ಲ. ಇಂಗ್ಲಿಷಿನ ವೈ ಮತ್ತು ಓ ಅಕ್ಷರ ಬರೆದಂಥ ಗುರುತಿಲ್ಲ, ಹಾಗಾಗಿ ಯೋಯೋ ಲೋಚ್ ಅಲ್ಲ. ಎರೆಹುಳುವಿನಂಥ ಸಣಕಲು ಮೈಯಲ್ಲ, ಕೂಲಿ ಲೋಚೂ ಅಲ್ಲ. ಹಳದಿ ಛಾಯೆಯ ಮೈ, ಅದರ ಮೇಲೆ ಓರೆಯಾಗಿ ಇಳಿದ ತೆಳು ಗೆರೆಗಳು ಬಹಳ. ಬಾಯಿಯ ಬಳಿ ನಾಲ್ಕು ಜೊತೆ ಮೀಸೆ. ಅನುಮಾನ ಉಳಿಯಲಿಲ್ಲ. ಅದು ಬೋಟಿಯಾ ಸ್ಟ್ರಯೇಟಾ, ಅಂದರೆ ಜೀಬ್ರಾ ಲೋಚ್.

ಪುಸ್ತಕ ತೆಗೆದು ನೋಡಿದಾಗ ಮೈ ಜುಮ್ಮೆಂದಿತು. ಈ ಮೀನು ಸುಮಾತ್ರದ್ದಲ್ಲ, ನಮ್ಮ ಪಶ್ಚಿಮ ಘಟ್ಟದ್ದು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1920ರಲ್ಲಿ ಇದಕ್ಕೆ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್, 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಅವರಿಗೆ ಇದು ಸಿಕ್ಕದ್ದು ತುಂಗೆಯಲ್ಲಿ. ಆ ತುಂಗೆ ಭದ್ರೆಯನ್ನು ಕೂಡಿ ನಮ್ಮ ಹಾವೇರಿ ಜಿಲ್ಲೆಯ ಅಂಚಿನಲ್ಲಿ ಹರಿಯುತ್ತದೆ, ನಮ್ಮ ವರದೆಯನ್ನೂ ಹಿರೇಕೆರೂರಿನ ಕಡೆಯ ಕುಮುದ್ವತಿಯನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಈಗ ಇದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಪೇಟೆಗೆ ಬರುವ ಈ ಮೀನುಗಳು ಹೆಚ್ಚಾಗಿ ಹೊಳೆಯಿಂದಲೇ ಹಿಡಿದವು. ಅಂದರೆ ಒಂದು ಸತ್ತರೆ ಹೊಳೆಗೆ ಒಂದು ಕಡಿಮೆ. ತಿಳಿದಿದ್ದರೆ ತರಿಸುತ್ತಿರಲಿಲ್ಲ. ಮರಳಿ ಹೊಳೆಗೆ ಬಿಡುವಂತೆಯೂ ಇಲ್ಲ, ಅಂಗಡಿಯ ರೋಗ ಹೊಳೆಗೆ ಹೋದೀತು. ಇನ್ನು ಈ ಆರರ ಜೀವ ನಮ್ಮ ಕೊರಳಿಗೆ ಬಿತ್ತು.

ಲೋಚಿನ ಕಣ್ಣಿನ ಕೆಳಗೆ ಒಂದು ಮುಳ್ಳಿರುತ್ತದೆ, ಹೆದರಿದಾಗ ನಿಗುರುತ್ತದೆ. ಬಲೆಯಲ್ಲಿ ಹಿಡಿದರೆ ಮುಳ್ಳು ಸಿಕ್ಕಿಕೊಂಡು ಮುಖ ಹರಿಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೊಂದನ್ನೇ ಎತ್ತಿ ಬಿಟ್ಟೆವು. ಅಂಗಡಿಯ ನೀರು ಟ್ಯಾಂಕಿಗೆ ಬೀಳಲಿಲ್ಲ, ಬ್ಲೀಚಿಂಗ್ ಪುಡಿ ಬೆರೆಸಿ ಬಚ್ಚಲಿಗೆ ಚೆಲ್ಲಿದೆವು. ಹೊಸ ಟ್ಯಾಂಕಿನಲ್ಲಿ ಮೀನಿನ ಮಲಮೂತ್ರವೇ ವಿಷವಾಗುತ್ತದೆ. ಅದಕ್ಕೆಂದು ಸ್ಪಂಜನ್ನು ಮೊದಲೇ ಒಂದು ತಿಂಗಳು ಹಳೆಯ ಟ್ಯಾಂಕಿನಲ್ಲಿಟ್ಟು, ವಿಷ ಮುರಿಯುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವಂತೆ ಮಾಡಿದ್ದೆವು. ಬಕೆಟ್ಟು, ನಳಿಗೆ, ಬಲೆ ಎಲ್ಲ ಬೇರೆ. ಕೈ ತೊಳೆಯದೆ ಪಡಸಾಲೆಯ ಟ್ಯಾಂಕು ಮುಟ್ಟುವಂತಿಲ್ಲ. ಗಡುವು ನಾಲ್ಕು ವಾರ.

ಸವಣೂರಿನ ಮಗಳಾದ ಅಮ್ಮೀ ಎಲೆ ಮಡಚುತ್ತಾ ಇದನ್ನೆಲ್ಲ ನೋಡಿ ನಕ್ಕರು. "ಮೀನಿಗೂ ಚಿಲ್ಲಾ ಹಿಡಿಸಿದಿ ಅನ್ನು." ಹೆತ್ತ ಹೆಂಗಸು ಮಗುವಿನ ಜೊತೆ ನಲವತ್ತು ದಿನ ಒಳಗಿರುವುದನ್ನು ನಮ್ಮಲ್ಲಿ ಚಿಲ್ಲಾ ಎನ್ನುತ್ತಾರೆ. ಅಮ್ಮೀ ತಮಾಷೆಗೆ ಹೇಳಿದ್ದು ಎಷ್ಟು ಸರಿಯೆಂದರೆ, ಕ್ವಾರಂಟೈನ್ ಎಂಬ ಪದದ ಒಳಗೂ ಇರುವುದು ಅದೇ ನಲವತ್ತು. 1377ರಲ್ಲಿ ಏಡ್ರಿಯಾಟಿಕ್ ದಂಡೆಯ ರಗೂಸ ಪಟ್ಟಣ ಪ್ಲೇಗಿನ ಊರಿಂದ ಬಂದವರನ್ನು ಮೂವತ್ತು ದಿನ ಹೊರಗೆ ನಿಲ್ಲಿಸಿತು. ಮುಂದೆ ಅದು ನಲವತ್ತಾಯಿತು, ಇಟಲಿಯವರ 'ಕ್ವಾರಂತಾ' ನಮ್ಮೆಲ್ಲರ ಬಾಯಿಗೆ ಬಂತು.

2020ರಲ್ಲಿ ಆ ಪದ ನಮ್ಮ ಮನೆಯ ಬಾಗಿಲಿಗೂ ಬಂದಿತ್ತು. ಇದೇ ಆಪಾನ ಮಗ ಮುಂಬೈಯಲ್ಲಿ ಕೆಲಸಕ್ಕಿದ್ದ. ಮೇ ತಿಂಗಳಲ್ಲಿ ಮರಳಿದವನನ್ನು ಹಾಸ್ಟೆಲ್ಲೊಂದರಲ್ಲಿ ಇಟ್ಟರು. ಹದಿನಾಲ್ಕು ದಿನ ಮುಗಿಸಿ, ರೋಗವಿಲ್ಲವೆಂದು ಬರೆಸಿಕೊಂಡು, ನಾನಾನನ್ನು ನೋಡಲು ಹಾನಗಲ್ಲಿಗೆ ಬಂದ. ನಾವು ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಕಾಗದದ ಲೋಟದಲ್ಲಿ ಚಹಾ ಕೊಟ್ಟೆವು. ಆ ದಿನಗಳಲ್ಲಿ ನಮ್ಮ ಟೋಪಿ, ಗಡ್ಡ ನೋಡಿಯೇ ದೂರ ಸರಿದವರ ಬಗ್ಗೆ ನಾವು ನೊಂದು ಮಾತಾಡಿದ್ದುಂಟು. ಹಾಗೆ ನೊಂದವರೇ ಮನೆಯ ಹುಡುಗನಿಂದ ಆರು ಅಡಿ ದೂರ ನಿಂತಿದ್ದೆವು. ಅಬ್ಬಾ ಹೊರಗೆ ಬಂದು ಅವನ ಮಗ್ಗುಲಲ್ಲೇ ಕುಳಿತರು. ನಮ್ಮ ಕಡೆ ತಿರುಗಿ, "ದಿನ ಮುಗಿಯೋತನಕ ದೂರ ಇಟ್ರ ಅದು ಎಚ್ಚರ. ಮುಗಿದ ಮ್ಯಾಲೂ ಇಟ್ರ ಏನಂತಾರ, ನೀ ಕಥಿ ಬರಿಯಾಂವ, ನೀನ ಹೇಳು" ಎಂದರು. ನಾವು ಹೇಳಲಿಲ್ಲ. ಹುಡುಗ ಚಹಾ ಕುಡಿದು, ಲೋಟವನ್ನು ತಾನೇ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದ.

ರೋಗಿ ಒಂಟೆಯನ್ನು ಆರೋಗ್ಯದ ಒಂಟೆಗಳೊಡನೆ ಬೆರೆಸಬಾರದೆಂಬ ಪ್ರವಾದಿಯವರ ಮಾತನ್ನು ಅಬ್ಬಾ ಬಲ್ಲವರೇ ಆಗಿದ್ದರು. ಹಾಸ್ಟೆಲ್ಲಿಗೆ ಹೋಗುವಾಗ ಮೊಮ್ಮಗನಿಗೆ ನಿಯಮ ತಪ್ಪಬೇಡವೆಂದು ಫೋನಿನಲ್ಲಿ ಹೇಳಿದವರೂ ಅವರೇ. ಅವರಿಗೆ ಬೇರೆ ಇಡುವುದೂ ಗೊತ್ತಿತ್ತು, ಒಳಗೆ ಕರೆದುಕೊಳ್ಳುವ ದಿನವೂ ಗೊತ್ತಿತ್ತು. ನಾವು ಗಡುವು ಮುಗಿದ ಮನುಷ್ಯನನ್ನು ಹೊರಗೆ ಕೂರಿಸಿದೆವು, ಗಡುವೇ ಇಡದ ಮೀನುಗಳನ್ನು ಒಳಗೆ ಸುರಿದೆವು.

ಆರನೆಯ ದಿನ ಹಿಂದಿನ ಕೋಣೆಯ ಎರಡು ಲೋಚುಗಳ ಮೇಲೆ ಚುಕ್ಕೆ ಕಂಡವು. ಈ ಸಲ ಹೆದರಲಿಲ್ಲ. ನೀರಿನ ಬಿಸಿಯನ್ನು ಎರಡು ದಿನದಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿದೆವು. ಬಿಸಿಯಲ್ಲಿ ಆ ಜೀವಿ ಬೇಗ ಬಲಿತು ಉದುರುತ್ತದೆ, ಔಷಧಕ್ಕೆ ಬೇಗ ಸಿಗುತ್ತದೆ. ಬಿಸಿ ನೀರು ಪ್ರಾಣವಾಯುವನ್ನು ಕಡಿಮೆ ಹಿಡಿಯುವುದರಿಂದ ಇನ್ನೊಂದು ಗಾಳಿ ಕಲ್ಲು ಹಾಕಿದೆವು. ಔಷಧ ಅರ್ಧ ಪ್ರಮಾಣ. ತಳದ ನೀರನ್ನು ನಳಿಗೆಯಿಂದ ತೆಗೆಯುತ್ತಾ, ಅದೇ ಬಿಸಿಯ ಹೊಸ ನೀರು ಹಾಕುತ್ತಾ ಹೋದೆವು. ಚುಕ್ಕೆ ಮಾಯವಾದ ಮೇಲೂ ಔಷಧ ನಿಲ್ಲಿಸಲಿಲ್ಲ. ಒಂದು ಮೀನು ಉಂಡರೂ ಬಡಕಲಾಗುತ್ತಾ ಹೋಯಿತು. ಹೊಟ್ಟೆಯಲ್ಲಿ ಹುಳುವಿದ್ದರೆ ಹಾಗಾಗುತ್ತದೆ. ಅದಕ್ಕೆ ಲೆವಾಮಿಸೋಲ್ ಹಾಕಿದರೂ ಉಳಿಯಲಿಲ್ಲ. ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ಹುಗಿದೆವು. ರೋಗ ಬಂದ ದಿನದಿಂದ ಗಡುವನ್ನು ಮತ್ತೆ ಮೊದಲಿಂದ ಎಣಿಸಿದೆವು. ಎಲ್ಲ ಸೇರಿ ಮೂವತ್ನಾಲ್ಕು ದಿನವಾಯಿತು. ಅಮ್ಮೀ ಮಾತ್ರ ನಲವತ್ತಾಗಲಿ ಎಂದು ಹಟ ಹಿಡಿದರು. ನಾವು ಒಪ್ಪಿದೆವು.

ನಲವತ್ತನೆಯ ದಿನ ಭಾನುವಾರ. ಶಿಗ್ಗಾಂವಿಯಿಂದ ಹುಡುಗನನ್ನು ಕರೆಸಿದೆವು. ಅವನೇ ಡಬ್ಬಿಯಲ್ಲಿ ಒಂದೊಂದು ಲೋಚನ್ನು ಎತ್ತಿ ತಂದು ಪಡಸಾಲೆಯ ಟ್ಯಾಂಕಿಗೆ ಬಿಟ್ಟ. ಐದೂ ಗೆರೆ ಎಳೆದ ಹಾಗೆ ತಳಕ್ಕಿಳಿದು ಅಬ್ಬಾನ ಲೋಚು ಇರುತ್ತಿದ್ದ ಕಲ್ಲಿನ ಸಂದಿಯನ್ನು ಸೇರಿಕೊಂಡವು. "ಎಷ್ಟ ದಿನಾ ಆತು ಮಾಮೂ?" ಎಂದು ಕೇಳಿದ.

"ನಲವತ್ತು."

"ನನಗ ಹದಿನಾಕ ಇತ್ತು" ಎಂದು ನಕ್ಕ.

ನಮಗೆ ನಗಲಾಗಲಿಲ್ಲ. ಅಡುಗೆಮನೆಗೆ ಹೋಗಿ, ಅಬ್ಬಾ ಚಹಾ ಕುಡಿಯುತ್ತಿದ್ದ ಪಿಂಗಾಣಿ ಕಪ್ಪನ್ನು ತೊಳೆದೆವು.